ಸಣ್ಣ ಕಾರ್ಖಾನೆಗೆ ಸೈಬರ್ ಸುರಕ್ಷತೆ: ಎಲ್ಲಿಂದ ಶುರು ಮಾಡೋದು?

ಕೇಳಿದವರು, ಪುಣೆಯ ಭೋಸರಿ:
ನಮಸ್ಕಾರ. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು 35 ಜನರ ಬಿಡಿಭಾಗದ ಕಾರ್ಖಾನೆ. ನಾನು ಅಕೌಂಟ್ಸ್ ನೋಡುವವಳು. ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಕಂಪನಿ ಸೈಬರ್ ಸುರಕ್ಷತೆ ಬಗ್ಗೆ ಉದ್ದದ ಪ್ರಶ್ನೆಪಟ್ಟಿ ಕಳಿಸಿದೆ. ಐಟಿಗೆ ಅಂತ ಬೇರೆ ಜನ ಇಲ್ಲ. ಏನು ಮಾಡಲಿ?

ವಾಶಿಯಿಂದ:
ಅಕ್ಕಾ, ಸುಮ್ನೆ ಎಲ್ಲದಕ್ಕೂ ‘ಹೌದು’ ಅಂತ ಬರೆದು ಕಳಿಸಬೇಡಿ. ನಮ್ಮ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ನಾನು ಹಾಗೇ ಮಾಡಿದ್ದೆ. ಬ್ಯಾಕಪ್ ಇದೆಯಾ ಎಂದು ಕೇಳಿದ್ದರು, ಇದೆ ಎಂದೆ. ಒಂದು ಸೋಮವಾರ ಬಂದು ನೋಡಿದರೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆಯುತ್ತಿಲ್ಲ. ಎಲ್ಲ ಫೈಲಿಗೂ ಬೀಗ, ತೆರೆಯಬೇಕಾದರೆ ದುಡ್ಡು ಕೊಡಿ ಎಂಬ ಬರಹ. ಬ್ಯಾಕಪ್ ಹಾರ್ಡ್ ಡಿಸ್ಕನ್ನು ಅದೇ ಸರ್ವರಿಗೆ ಸಿಕ್ಕಿಸಿಯೇ ಬಿಟ್ಟಿದ್ದೆವು. ಅದಕ್ಕೂ ಬೀಗ. ಡ್ರೈವರುಗಳಿಂದ, ಗಿರಾಕಿಗಳಿಂದ ಹಳೇ ಬಿಲ್ಟಿ (ಮಾಲು ಸಾಗಿಸಿದ ರಸೀದಿ) ತರಿಸಿಕೊಂಡು ಎರಡು ತಿಂಗಳ ಲೆಕ್ಕ ಮತ್ತೆ ಬರೆದೆವು. ಆ ದಿನಗಳು ಯಾರಿಗೂ ಬೇಡ.

ಈಗ ಮೂರು ಪ್ರತಿ ಇಡುತ್ತೇವೆ, ಒಂದು ಆಫೀಸಿನ ಹೊರಗೆ. ತಿಂಗಳಿಗೊಮ್ಮೆ ಅದರಿಂದ ಫೈಲ್ ವಾಪಸ್ ತೆಗೆದು ನೋಡುತ್ತೇವೆ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯೋದಿಲ್ಲ.

ಮೊದಲು ಮಾಲೀಕರ ಜೊತೆ ಕೂತು ಒಂದೇ ಮಾತು ಕೇಳಿ: ಏನು ನಿಂತರೆ ನಾಳೆ ಮಾಲು ಗೇಟು ದಾಟೋದಿಲ್ಲ? ಮಷೀನಿನ ಡ್ರಾಯಿಂಗ್, ಟ್ಯಾಲಿ, ಇ-ವೇ ಬಿಲ್ ಲಾಗಿನ್, ಇಷ್ಟೇ ಇರಬಹುದು. ಪ್ರತಿಯೊಂದರ ಮುಂದೆ ಯಾರು ಹೊಣೆ ಎಂದು ಹೆಸರು ಬರೆಯಿರಿ. ಆಂಟಿವೈರಸ್ ಖರೀದಿ ಆಮೇಲೆ.

ದೊಡ್ಡವರು ನಿಮ್ಮನ್ನು ಯಾಕೆ ಕೇಳುತ್ತಾರೆ ಅಂದರೆ, 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಎಂಬ ವೈರಸ್ ಹಡಗು ಸಾಗಣೆಯ ದೊಡ್ಡ ಕಂಪನಿ ಮೇರ್ಸ್ಕ್‌ಗೆ ಬಡಿದು, ನಮ್ಮ ನವಿ ಮುಂಬೈ ಬಳಿಯ ಜೆಎನ್‌ಪಿಟಿ ಬಂದರಿನಲ್ಲಿ ಅವರು ನಡೆಸುವ ಟರ್ಮಿನಲ್ಲಿನ ಕೆಲಸವೂ ನಿಂತಿತ್ತು. ಅದು ಹರಡಿದ್ದು ಉಕ್ರೇನಿನ ಒಂದು ಲೆಕ್ಕದ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ. ಅಂದರೆ ದೊಡ್ಡವರ ಒಳಗೆ ಬಂದದ್ದು ಸಣ್ಣ ಬಾಗಿಲಿನಿಂದ. ಅಂಥ ಬಾಗಿಲು ನೀವೂ ಆಗಬಹುದು ಅನ್ನೋ ಭಯ ಅವರಿಗೆ.

ಪುಣೆ, ಬ್ಯಾಂಕಿನಿಂದ ನಿವೃತ್ತ:
ತಂಗಿ, ರಜಾದಿನ ಯಾರು ನೋಡುತ್ತಾರೆ ಅಂತಲೂ ಬರೆದಿಡಮ್ಮ. ನಮ್ಮೂರಿನ ಕಾಸ್ಮೋಸ್ ಬ್ಯಾಂಕಿನಿಂದ 2018ರ ಆಗಸ್ಟ್‌ನಲ್ಲಿ 94 ಕೋಟಿ ರೂಪಾಯಿ ಹೋಯಿತಲ್ಲ, ಶುರುವಾಗಿದ್ದು 11ನೇ ತಾರೀಖು, ಎರಡನೇ ಶನಿವಾರ. 28 ದೇಶಗಳ ಎಟಿಎಮ್‌ಗಳಿಂದ ಹಣ ತೆಗೆದರು. ಎಟಿಎಮ್ ಕೋರಿಕೆಗೆ ಒಪ್ಪಿಗೆ ಕೊಡುವ ಬ್ಯಾಂಕಿನ ವ್ಯವಸ್ಥೆಗೆ ಸ್ವಿಚ್ ಅಂತಾರೆ, ಅದರ ನಕಲಿ ಒಂದು ನಡುವೆ ಕೂತು ಎಲ್ಲದಕ್ಕೂ ಒಪ್ಪಿಗೆ ಕೊಡುತ್ತಿತ್ತು. ಸೋಮವಾರ, ಬ್ಯಾಂಕುಗಳು ವಿದೇಶಕ್ಕೆ ಹಣ ಕಳಿಸಲು ಬಳಸುವ ಸ್ವಿಫ್ಟ್ ಮೂಲಕ ಹಾಂಗ್‌ಕಾಂಗಿಗೂ ದುಡ್ಡು ಹೋಯಿತು. ಇನ್ನೊಂದು: ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ ಇಂಥ ದಾಳಿ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಆಗ ನಂಬರ್ ಹುಡುಕುತ್ತಾ ಕೂರುವಂತಾಗಬಾರದು.

ವಾಸ್ಕೋ, ಗೋವಾ:
ನಮಗೆ ಬಂದದ್ದು ಬರೀ ಒಂದು ಮೇಲ್. ಸಪ್ಲೈಯರ್ ಹೆಸರಿನಲ್ಲಿ, ‘ಬ್ಯಾಂಕ್ ಖಾತೆ ಬದಲಾಗಿದೆ’ ಅಂತ. ದುಡ್ಡು ಹಾಕಿಬಿಟ್ಟೆವು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವಷ್ಟರಲ್ಲಿ ಎರಡು ದಿನ ಕಳೆದಿತ್ತು, ಸ್ವಲ್ಪವೇ ಸಿಕ್ಕಿತು. ಖಾತೆ ಬದಲು ಅಂದರೆ ನಿಮ್ಮಲ್ಲಿ ಮೊದಲೇ ಇರುವ ಸಪ್ಲೈಯರ್‌ನ ಹಳೇ ನಂಬರಿಗೇ ಫೋನ್ ಮಾಡಿ ಕೇಳಿ. ಮೇಲ್‌ನಲ್ಲಿರುವ ನಂಬರಿಗೆ ಬೇಡ.

ಭೋಸರಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಮ್ಮ ಡಿಸ್ಕೂ ಸಿಕ್ಕಿಸಿಯೇ ಇತ್ತು, ಈಗ ತೆಗೆದೆ. ಬ್ಯಾಕಪ್ ಪ್ರಶ್ನೆಗೆ ‘ಇನ್ನೂ ಇಲ್ಲ’ ಎಂದು ಬರೆದು, ಯಾವಾಗ ಆಗುತ್ತದೆ ಎಂದು ತಾರೀಖು ಹಾಕಿದೆ. ಒಂದು ಪ್ರತಿ ಮನೆಗೆ ಒಯ್ಯಬಹುದಾ?

ವಾಶಿಯಿಂದ:
ಒಯ್ಯಬಹುದು ಅಕ್ಕಾ, ಆದರೆ ಪಾಸ್‌ವರ್ಡ್ ಹಾಕಿ ಲಾಕ್ ಮಾಡಿದ ಡಿಸ್ಕ್ ಮಾತ್ರ. ಪಾಸ್‌ವರ್ಡ್ ಮಾಲೀಕರಿಗೂ ಗೊತ್ತಿರಲಿ.