4 ಹಾರ್ಟ್ ಕೊಟ್ಟ ಕೂಡಲೇ ಎಮ್ಯುಲೇಟರ್ ಕ್ರ್ಯಾಶ್: ಜೆಐಟಿ ಕ್ಯಾಶ್ ಹಂಚಿಕೊಳ್ಳುವುದು ಹೇಗೆ?

ಪ್ರಶ್ನೆ:
ನನ್ನ ಎಮ್ಯುಲೇಟರ್‌ನ ಗೆಸ್ಟ್ (ಒಳಗೆ ಅನುಕರಿಸುವ ಪ್ರೊಸೆಸರ್) 64 ಬಿಟ್ ರಿಸ್ಕ್-ವಿ, ಹೋಸ್ಟ್ (ಅದು ಓಡುವ ನಿಜವಾದ ಯಂತ್ರ) ಎಕ್ಸ್86-64. ಹಾರ್ಟ್‌ಗೊಂದು (ಹಾರ್ಟ್ ಅಂದರೆ ರಿಸ್ಕ್-ವಿಯ ಹಾರ್ಡ್‌ವೇರ್ ಥ್ರೆಡ್, ಕೋರ್ ಇದ್ದಂತೆ) ಥ್ರೆಡ್, ಜೆಐಟಿ (ಓಡುವಾಗಲೇ ಗೆಸ್ಟ್ ಕೋಡನ್ನು ಹೋಸ್ಟ್ ಕೋಡಾಗಿ ಅನುವಾದಿಸುವ ಭಾಗ) ಬ್ಲಾಕ್‌ಗಳ ಕ್ಯಾಶ್ ಎಲ್ಲಕ್ಕೂ ಒಂದೇ. ಒಂದು ಹಾರ್ಟ್‌ನಲ್ಲಿ ಲಿನಕ್ಸ್ ಸರಾಗ ಬೂಟ್ ಆಗುತ್ತದೆ. ನಾಲ್ಕಾದರೆ ಜೆಐಟಿ ಕೋಡ್ ಒಳಗೇ ಸೆಗ್‌ಫಾಲ್ಟ್, ಪ್ರತಿಸಲ ಬೇರೆ ಜಾಗದಲ್ಲಿ. ಕ್ಯಾಶ್‌ಗೆ ಮ್ಯುಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ ಒಳಬಿಡುವ ಲಾಕ್) ಹಾಕಿದ್ದೇನೆ. ಎಲ್ಲಿ ನೋಡಲಿ?

ಉತ್ತರ 1:
ನಿಮ್ಮ ಮ್ಯುಟೆಕ್ಸ್ ಕಾಯುವುದು ಬ್ಲಾಕ್ ಹುಡುಕುವ, ಸೇರಿಸುವ ಕೆಲಸವನ್ನು ಮಾತ್ರ. ಬ್ಲಾಕ್ ಒಳಗೆ ಓಡುತ್ತಿರುವ ಥ್ರೆಡ್ ಕೈಯಲ್ಲಿ ಯಾವ ಲಾಕೂ ಇರುವುದಿಲ್ಲ. ಮೊದಲು ಚೈನಿಂಗ್ (ಒಂದು ಬ್ಲಾಕ್‌ನಿಂದ ಇನ್ನೊಂದಕ್ಕೆ ನೇರ ಜಂಪ್ ಜೋಡಿಸುವುದು) ಆಫ್ ಮಾಡಿ ನೋಡಿ. ಕ್ರ್ಯಾಶ್ ನಿಂತರೆ ಜಂಪ್ ಪ್ಯಾಚಿಂಗ್ (ಆ ಜಂಪ್‌ನ ಗುರಿ ತಿದ್ದುವುದು) ಮೇಲೆ ಅನುಮಾನ. 5 ಬೈಟ್ ಜಂಪ್‌ನಲ್ಲಿ ಮೊದಲನೆಯದು ಆಪ್‌ಕೋಡ್, ಉಳಿದ 4 ಆಫ್‌ಸೆಟ್. ಆ ಆಫ್‌ಸೆಟ್ 4ರ ಗಡಿಯಲ್ಲೇ ಶುರುವಾಗುವಂತೆ ಮುಂಚೆ ನಾಪ್ (ಏನೂ ಮಾಡದ ಇನ್‌ಸ್ಟ್ರಕ್ಷನ್) ತುಂಬಿ, ಒಂದೇ 32 ಬಿಟ್ ಅಟಾಮಿಕ್ ಸ್ಟೋರ್‌ನಲ್ಲಿ ಬರೆಯಿರಿ. ಆಗ ಬೇರೆ ಥ್ರೆಡ್‌ಗೆ ಹಳೇ ಗುರಿಯೋ ಹೊಸ ಗುರಿಯೋ ಸಿಗುತ್ತದೆ, ಅರ್ಧಂಬರ್ಧ ವಿಳಾಸ ಸಿಗುವುದಿಲ್ಲ.

ಕ್ರ್ಯಾಶ್ ನಿಲ್ಲದಿದ್ದರೆ ಬಫರ್ ಮರುಬಳಕೆಯೇ ಕಾರಣ ಇರಬೇಕು (ನನ್ನ ಮೊದಲ ಅನುಮಾನವೂ ಇದೇ). ರದ್ದಾದ ಬ್ಲಾಕ್‌ನ ಜಾಗವನ್ನು ತಕ್ಷಣ ಹೊಸ ಕೋಡ್‌ಗೆ ಕೊಟ್ಟರೆ, ಇನ್ನೊಂದು ಹಾರ್ಟ್ ಅದರೊಳಗೇ ಓಡುತ್ತಿರಬಹುದು. ಬ್ಲಾಕ್‌ಗೆ ರದ್ದು ಗುರುತು ಹಾಕಿ, ಬ್ಲಾಕ್ ಹುಡುಕುವ ಹ್ಯಾಶ್ ಟೇಬಲ್‌ನಿಂದಲೂ ಪ್ರತಿ ಹಾರ್ಟ್‌ನ ಜಂಪ್ ಕ್ಯಾಶ್‌ನಿಂದಲೂ ತೆಗೆದು, ಅದಕ್ಕೆ ಬರುವ ಜಂಪ್‌ಗಳನ್ನು ಬಿಚ್ಚಿ. ಬೈಟ್‌ಗಳನ್ನು ಮಾತ್ರ ಮುಟ್ಟಬೇಡಿ. ಬಫರ್ ತುಂಬಿದಾಗ ಎಲ್ಲ ಹಾರ್ಟ್ ನಿಲ್ಲಿಸಿ ಒಟ್ಟಿಗೆ ಖಾಲಿ ಮಾಡಿ. 2017ರ 2.9 ಆವೃತ್ತಿಯಲ್ಲಿ ಮಲ್ಟಿಥ್ರೆಡ್ ಆದ ಕ್ಯೂಎಮು ಎಮ್ಯುಲೇಟರ್ ಹಿಡಿದ ದಾರಿಯೂ ಇದೇ.

ಪ್ರಶ್ನೆ ಕೇಳಿದವರು:
ಮರುಬಳಕೆಯೇ! ಫ್ರೀಲಿಸ್ಟ್ (ಮರುಬಳಕೆಗೆ ಖಾಲಿ ಜಾಗಗಳ ಪಟ್ಟಿ) ತೆಗೆದ ಮೇಲೆ ಕ್ರ್ಯಾಶ್ ಇಲ್ಲ. ಆದರೆ ಚೈನ್ ಆದ ಲೂಪ್‌ನಲ್ಲೇ ಸುತ್ತುತ್ತಿರುವ ಹಾರ್ಟನ್ನು ನಿಲ್ಲಿಸುವುದು ಹೇಗೆ?

ಉತ್ತರ 1:
ಪ್ರತಿ ಬ್ಲಾಕ್‌ನ ತಲೆಯಲ್ಲಿ ಆ ಹಾರ್ಟ್‌ನ ಎಕ್ಸಿಟ್ ಫ್ಲ್ಯಾಗ್ ನೋಡುವ ಒಂದು ಕಂಪೇರ್, ಒಂದು ಜಂಪ್. ಇಂಟರಪ್ಟ್‌ಗೂ ಅದೇ ಸಾಕು. ಡಬ್ಲ್ಯುಎಫ್‌ಐನಲ್ಲಿ (ಇಂಟರಪ್ಟ್‌ಗೆ ಕಾಯುವ ಇನ್‌ಸ್ಟ್ರಕ್ಷನ್) ಮಲಗಿರುವ ಹಾರ್ಟನ್ನು ಜೆಐಟಿ ಕೋಡ್‌ನಿಂದ ಹೊರಗಿದೆ ಎಂದೇ ಲೆಕ್ಕ ಹಾಕಿ, ಇಲ್ಲದಿದ್ದರೆ ಕಾಯುತ್ತಲೇ ಕೂರುತ್ತೀರಿ.

ಉತ್ತರ 2:
ಇನ್ನು ಸ್ಪಿನ್‌ಲಾಕ್ (ಸಿಗುವವರೆಗೆ ಸುತ್ತುತ್ತಾ ಕಾಯುವ ಲಾಕ್) ಹ್ಯಾಂಗ್ ಬಂದರೆ ಅಟಾಮಿಕ್ಸ್ (ನಡುವೆ ಯಾರೂ ತಲೆಹಾಕಲಾಗದ ಮೆಮೊರಿ ಕೆಲಸಗಳು) ನೋಡಿ. ರಿಸ್ಕ್-ವಿಯ ಎಎಂಒ (ಅಟಾಮಿಕ್ ಮೆಮೊರಿ ಇನ್‌ಸ್ಟ್ರಕ್ಷನ್) ಆ್ಯಡ್‌ಗೆ ಲಾಕ್ ಎಕ್ಸ್-ಆ್ಯಡ್, ಸ್ವಾಪ್‌ಗೆ ಎಕ್ಸ್‌ಚೇಂಜ್, ಮ್ಯಾಕ್ಸ್-ಮಿನ್‌ಗೆ ಕಂಪೇರ್-ಎಕ್ಸ್‌ಚೇಂಜ್ ಲೂಪ್. ಎಲ್‌ಆರ್ (ಕಾಯ್ದಿರಿಸಿ ಓದುವ ಇನ್‌ಸ್ಟ್ರಕ್ಷನ್) ಓದಿದ ವಿಳಾಸ, ಬೆಲೆ ಎರಡನ್ನೂ ಇಟ್ಟುಕೊಂಡು ಎಸ್‌ಸಿಯಲ್ಲಿ (ಆ ಕಾಯ್ದಿರಿಸುವಿಕೆ ಉಳಿದಿದ್ದರೆ ಮಾತ್ರ ಬರೆಯುವ ಇನ್‌ಸ್ಟ್ರಕ್ಷನ್) ಕಂಪೇರ್-ಎಕ್ಸ್‌ಚೇಂಜ್ ಮಾಡಿ. ನಡುವೆ ಬೆಲೆ ಬದಲಾಗಿ ಮತ್ತೆ ಮೊದಲಿನಂತೆಯೇ ಆಗಿದ್ದರೆ, ಸೋಲಬೇಕಾದ ಎಸ್‌ಸಿ ಗೆಲ್ಲುತ್ತದೆ. ಸ್ಪಿನ್‌ಲಾಕ್‌ಗೆ ಪರವಾಗಿಲ್ಲ, ಎಲ್‌ಆರ್-ಎಸ್‌ಸಿ ನಂಬಿದ ಲಾಕ್-ಫ್ರೀ ಸ್ಟ್ಯಾಕ್ ಕೆಡಬಹುದು. ಕ್ಯೂಎಮು ಇದನ್ನು ಸಹಿಸಿಕೊಂಡಿದೆ, ನೀವೂ ಸಹಿಸಿಕೊಳ್ಳಿ.

ಫೆನ್ಸ್ (ಮೆಮೊರಿ ಕೆಲಸಗಳ ಕ್ರಮ ಕಾಯುವ ಇನ್‌ಸ್ಟ್ರಕ್ಷನ್) ವಿಷಯದಲ್ಲಿ ಎಕ್ಸ್86 ಹೋಸ್ಟ್ ಸುಲಭ. ಸ್ಟೋರ್ ಆದಮೇಲಿನ ಲೋಡ್ ಮುಂದೆ ಬರದಂತೆ ತಡೆಯುವ ಫೆನ್ಸ್‌ಗೆ ಮಾತ್ರ ಎಂಫೆನ್ಸ್ ಬೇಕು. ಉಳಿದವಕ್ಕೆ ಇನ್‌ಸ್ಟ್ರಕ್ಷನ್ ಬೇಡ, ನಿಮ್ಮ ಆಪ್ಟಿಮೈಸರ್ ಅವುಗಳನ್ನು ದಾಟಿ ಲೋಡ್-ಸ್ಟೋರ್ ಸರಿಸದಿದ್ದರೆ ಸಾಕು.