ನರ ಹೊಲಿದು ಎರಡೂವರೆ ತಿಂಗಳು, ಕಿರುಬೆರಳು ಇನ್ನೂ ಮರದ ತುಂಡಿನ ಹಾಗಿದೆ

ಒಡೆದ ಲೋಟ:
ತೊಳೆಯುವಾಗ ಗಾಜಿನ ಲೋಟ ಕೈಯಲ್ಲೇ ಒಡೆದು ಬಲ ಮಣಿಕಟ್ಟು ಕುಯ್ದುಹೋಯಿತು. ಕಿರುಬೆರಳ ಕಡೆಗೆ ಹೋಗುವ ಅಲ್ನರ್ ನರ ಪೂರ್ತಿ ತುಂಡು. ಮೂರನೇ ದಿನ ಆಪರೇಷನ್ ಮಾಡಿ ಜೋಡಿಸಿದರು, ಮೂರು ವಾರ ಸ್ಪ್ಲಿಂಟ್ ಹಾಕಿದ್ದರು. ಗಾಯ ಚೆನ್ನಾಗಿ ಮಾಗಿದೆ. ಆದರೆ ಕಿರುಬೆರಳಿಗೂ ಉಂಗುರ ಬೆರಳಿನ ಆ ಕಡೆಯ ಅರ್ಧಕ್ಕೂ ಏನೂ ಗೊತ್ತಾಗಲ್ಲ. ನಿನ್ನೆ ಬಿಸಿ ಪಾತ್ರೆ ತಗುಲಿ ಬೊಬ್ಬೆ ಎದ್ದಿತ್ತು, ಕಣ್ಣಿಗೆ ಬಿದ್ದಾಗಲೇ ತಿಳಿದದ್ದು. ಹೆಬ್ಬೆರಳು ತೋರುಬೆರಳ ನಡುವೆ ಕಾಗದ ಹಿಡಿದರೆ ಜಾರುತ್ತದೆ. ಅಂಗೈಯಲ್ಲಿ ಒಂದು ಜಾಗ ತಟ್ಟಿದರೆ ಮಾತ್ರ ಬೆರಳಿನವರೆಗೆ ಕರೆಂಟ್ ಹೊಡೆದ ಹಾಗಾಗುತ್ತದೆ. ಒಳಗೆ ಹೊಲಿಗೆ ಬಿಟ್ಟುಹೋಗಿದೆಯಾ?

ಹಳೇ ಗರಗಸ:
ಆ ಕರೆಂಟ್ ಒಳ್ಳೇ ಲಕ್ಷಣ ರೀ, ಹೆದರಬೇಡಿ. ನನ್ನದೂ ಇದೇ ನರ, ಇದೇ ಜಾಗ. ಮರ ಕುಯ್ಯುವ ಬ್ಲೇಡು, ಮೂರು ವರ್ಷದ ಹಿಂದೆ.

ನರವನ್ನು ಹೊಲಿದ ತಕ್ಷಣ ವೈರ್ ಜೋಡಿಸಿದ ಹಾಗೆ ಲೈಟ್ ಹತ್ತಲ್ಲ. ಕುಯ್ದ ಜಾಗದಿಂದ ಆಚೆಗಿನ ಎಳೆಗಳೆಲ್ಲ ಸಾಯುತ್ತವೆ, ಖಾಲಿ ಕೊಳವೆ ಉಳಿಯುತ್ತದೆ. ಮೇಲಿನಿಂದ ಹೊಸ ಎಳೆ ಆ ಕೊಳವೆಯೊಳಗೆ ಬೆಳೆದು ಬರಬೇಕು. ದಿನಕ್ಕೆ ಸುಮಾರು 1 ಮಿಲಿಮೀಟರ್, ಅಷ್ಟೇ. ಶುರುವಾಗೋಕೇ ಕೆಲವು ವಾರ ಬೇಕು. ಮಣಿಕಟ್ಟಿನಿಂದ ಬೆರಳ ತುದಿಗೆ ಸ್ಕೇಲ್ ಇಟ್ಟು ನೋಡಿ, ಲೆಕ್ಕ ನೀವೇ ಹಾಕಬಹುದು.

ತಟ್ಟಿದಾಗ ಜುಮ್ ಅನ್ನುವುದು ಬೆಳೆಯುತ್ತಿರುವ ತುದಿ. ವೈದ್ಯರು ಟಿನೆಲ್ ಅನ್ನುತ್ತಾರೆ, 1915ರಿಂದ ಇದೇ ಪರೀಕ್ಷೆ. ನಾನು ತಿಂಗಳಿಗೊಮ್ಮೆ ಬೆರಳ ಕಡೆಯಿಂದ ತಟ್ಟುತ್ತಾ ಬಂದು, ಮೊದಲು ಜುಮ್ ಅಂದ ಕಡೆ ಪೆನ್ನಿನಲ್ಲಿ ಚುಕ್ಕೆ ಇಡುತ್ತಿದ್ದೆ.

ವಾಪಸ್ ಬಂದಾಗ ಹಿತವಾಗಿ ಬರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಂಗಿ ತೋಳು ತಾಗಿದರೆ ಉಪ್ಪುಕಾಗದ ಉಜ್ಜಿದ ಹಾಗೆ. ಕಿರುಬೆರಳು ಮುಟ್ಟಿದರೆ ಉಂಗುರ ಬೆರಳು ಮುಟ್ಟಿದಂತೆ! ಎಳೆಗಳು ಹಳೇ ಮನೆ ಬಿಟ್ಟು ಪಕ್ಕದ ಮನೆಗೆ ಹೋಗಿರುತ್ತವೆ, ಮೆದುಳು ಹೊಸದಾಗಿ ಕಲಿಯಬೇಕು. ಕಣ್ಣು ಮುಚ್ಚಿ ಗುಂಡಿ, ಬೀಗದ ಕೈ, ನಾಣ್ಯ ಗುರುತಿಸುವುದು, ತಪ್ಪಾದರೆ ಕಣ್ಣು ತೆರೆದು ಮತ್ತೆ ಮುಟ್ಟುವುದು. ದಿನಾ ಹತ್ತು ನಿಮಿಷ. ಸುಮ್ನೆ ಮಕ್ಕಳಾಟ ಅನ್ನಿಸಿತ್ತು, ಆದರೆ ಜಾಸ್ತಿ ಉಪಯೋಗ ಆಗಿದ್ದು ಅದೇ. ಸ್ನಾಯು ಸೊರಗಿ ಹೆಬ್ಬೆರಳ ಪಕ್ಕ ಬಿದ್ದ ಗುಳಿ ಮಾತ್ರ ತುಂಬಿಲ್ಲ. ಮೊಳೆ ಹಿಡಿಯೋಕೆ ಈಗಲೂ ಎಡಗೈಯೇ.

ಫಿಸಿಯೋ ಅಕ್ಕ:
ಗರಗಸ ಅವರು ಹೇಳಿದ್ದು ಸರಿ, ಆದರೆ ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಬೆರಳ ಗಂಟುಗಳನ್ನು ದಿನಾ ಮಡಚಿ ಬಿಡಿಸಿ. ಅವು ಬಿಗಿದುಕೊಂಡರೆ ನರ ಬಂದರೂ ಬೆರಳು ಏಳಲ್ಲ. ಆ ಎರಡು ಬೆರಳು ಕೊಕ್ಕೆಯಂತೆ ಬಾಗುತ್ತಿದ್ದರೆ ಅದಕ್ಕೆ ಬೇರೆ ಸ್ಪ್ಲಿಂಟ್ ಕೇಳಿ. ಬಿಸಿ, ಚೂಪು ವಸ್ತುಗಳನ್ನು ಆ ಬೆರಳ ಹತ್ತಿರ ತರುವ ಮೊದಲು ಕಣ್ಣಿಂದ ನೋಡಿ. ಸಿಗರೇಟ್ ಇದ್ದರೆ ಬಿಡಿ.

ಚುಕ್ಕೆ ಹೊಲಿಗೆಯ ಹತ್ತಿರವೇ ತಿಂಗಳುಗಟ್ಟಲೆ ನಿಂತಿದ್ದರೆ, ಇಎಮ್‌ಜಿಯಲ್ಲೂ (ಸ್ನಾಯುವಿನ ವಿದ್ಯುತ್ ಪರೀಕ್ಷೆ) ಏನೂ ಕಾಣದಿದ್ದರೆ, ಸರ್ಜನ್ ಹತ್ತಿರ ಬೇಗ ಹೋಗಬೇಕು. ನರ ಇಲ್ಲದೆ 12ರಿಂದ 18 ತಿಂಗಳು ಕಳೆದ ಸ್ನಾಯು ಆಮೇಲೆ ನರ ಬಂದರೂ ಸರಿಯಾಗಿ ಹಿಡಿಯಲ್ಲ. ಅದಕ್ಕೆ ಮೊದಲೇ ಹೋದರೆ ಕಾಲಿನ ಹಿಂಭಾಗದಿಂದ ಸ್ಯೂರಲ್ ನರ ತೆಗೆದು ಕಸಿ ಮಾಡಬಹುದು. ಪಾದದ ಹೊರ ಅಂಚು ಮರಗಟ್ಟುತ್ತದೆ, ನಡೆಯೋಕೆ ತೊಂದರೆ ಇಲ್ಲ. ಇಲ್ಲವೇ ಪಕ್ಕದ ಒಳ್ಳೇ ನರದ ಒಂದು ಎಳೆಯನ್ನು ಸ್ನಾಯುವಿನ ಹತ್ತಿರ ಜೋಡಿಸುತ್ತಾರೆ. ನಿಮ್ಮ ಚುಕ್ಕೆ ಅಂಗೈಗೆ ಬಂದಿದೆ ಅಲ್ವಾ? ಅಂದರೆ ಸದ್ಯಕ್ಕೆ ಆ ಮಾತು ಬೇಡ.

ಒಡೆದ ಲೋಟ:
ಈಗಷ್ಟೇ ಅಳೆದೆ. ಗಾಯದ ಗೆರೆಯಿಂದ 5 ಸೆಂಟಿಮೀಟರ್. ಪೆನ್ನಿನ ಗುರುತು ಕೈ ತೊಳೆದರೆ ಹೋಗುತ್ತದೆ ಅಂತ ಸ್ಕೇಲ್ ಸಮೇತ ಫೋಟೋ ತೆಗೆದಿಟ್ಟೆ. ಎಡಗೈಯಲ್ಲಿ ತೆಗೆದದ್ದು, ಸ್ವಲ್ಪ ಅಲುಗಾಡಿದೆ.