‘3 ಪಟ್ಟಿಗಿಂತ 4 ಕಡಿಮೆ’ – ಕೂಡಿದರೆ ಸರಿ, ಉತ್ತರ ಮಾತ್ರ ಉಲ್ಟಾ

ಮೂರ್ನಾಡು_8ಬಿ:
ಲೆಕ್ಕ ಇದು: ‘ಗೋದಾಮಿನಲ್ಲಿ ರೊಬಸ್ಟಾ ಚೀಲಗಳು ಅರೇಬಿಕಾ ಚೀಲಗಳ 3 ಪಟ್ಟಿಗಿಂತ 4 ಕಡಿಮೆ ಇವೆ. ಒಟ್ಟು 56 ಚೀಲ. ಯಾವುದು ಎಷ್ಟು?’
ನಾನು ಹಾಕಿದ್ದು: ಅ = 3ರ − 4, ಅ + ರ = 56. ರ = 15, ಅ = 41 ಬಂತು. ಕೂಡಿದರೆ 56 ಆಗುತ್ತೆ. ಆದರೆ ಪುಸ್ತಕದ ಹಿಂದೆ ಅರೇಬಿಕಾ 15, ರೊಬಸ್ಟಾ 41 ಅಂತಿದೆ. ಎಷ್ಟು ಸಲ ಬಿಡಿಸಿದರೂ ತಪ್ಪು ಸಿಕ್ತಿಲ್ಲ.

ಕಣದಲೆಕ್ಕ:
ಬಿಡಿಸಿದ್ದರಲ್ಲಿ ಹುಡುಕಿದರೆ ಸಿಗಲ್ಲ, ತಪ್ಪಿರೋದು ಮೊದಲ ಸಾಲಲ್ಲಿ. ರೊಬಸ್ಟಾ ಜಾಸ್ತಿ ಅಂತ ಗೊತ್ತಾದ ಕೂಡಲೇ ಕೈ 3 ಅನ್ನು ‘ರ’ ಪಕ್ಕ ಇಟ್ಟುಬಿಡುತ್ತೆ. ಆದರೆ ಸಮ ಆಗಬೇಕಾದರೆ ಗುಣಿಸಬೇಕಾದ್ದು ಕಡಿಮೆ ಇರೋದನ್ನು.

ವಾಕ್ಯವೇ ಇದನ್ನು ಹೇಳ್ತಿದೆ, ಪ್ರತ್ಯಯ ನೋಡಿ. ‘ಚೀಲಗಳ 3 ಪಟ್ಟು’ – ‘ಗಳ’ ಹತ್ತಿದ್ದು ಯಾರಿಗೆ? ಅರೇಬಿಕಾಗೆ. ಹಾಗಾಗಿ 3ಅ. ‘ಗಿಂತ’ದ ಹಿಂದೆ ಇರೋದನ್ನೆಲ್ಲ ಮೊದಲು ಬರೆದು, ಆಮೇಲೆ 4 ಕಳೀಬೇಕು: 3ಅ − 4. 4 − 3ಅ ಅಲ್ಲ, 3(ಅ − 4) ಕೂಡ ಅಲ್ಲ. ‘ಇವೆ’ ಅನ್ನೋ ಕಡೆ ಸಮ ಚಿಹ್ನೆ.

ರ = 3ಅ − 4
ಅ + 3ಅ − 4 = 56
4ಅ = 60, ಅ = 15, ರ = 41

ಇನ್ನೊಂದು: ‘ಅ’ ಅಂದರೆ ಅರೇಬಿಕಾ ಅಲ್ಲ, ಅರೇಬಿಕಾ ಚೀಲಗಳ ಸಂಖ್ಯೆ. ಸಮೀಕರಣಕ್ಕೆ ಮೊದಲು ಅದನ್ನು ಪೂರ್ತಿ ಬರೆದಿಡಿ. ಹಾಗೆಯೇ, ಕಾಫಿ ಚೀಲ ಅಂದರೆ 50 ಕೆ.ಜಿ. ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಲೆಕ್ಕದಲ್ಲಿ ತೂಕ ಕೇಳಿಲ್ಲ, ಅದನ್ನು ಎಳೆದು ತರಬೇಡಿ.

ತಾಳೆನೋಡಿ:
ನೀವು ತಾಳೆ ನೋಡಿದ್ದು ಅರ್ಧ. ಒಟ್ಟು 56 ಎರಡು ಕಡೆಯೂ ಬರುತ್ತೆ. ನಿಮ್ಮದೇ ಸಮೀಕರಣಕ್ಕೆ ಹಾಕಿದರೆ ಅದೂ ಸರಿ ಅನ್ನುತ್ತೆ, ಯಾಕಂದರೆ ತಪ್ಪಿರೋದೇ ಅದರಲ್ಲಿ. ಉತ್ತರವನ್ನು ಪ್ರಶ್ನೆಯ ವಾಕ್ಯಕ್ಕೆ ಹಾಕಿ: ಅರೇಬಿಕಾ 41ರ 3 ಪಟ್ಟು 123, ಅದಕ್ಕಿಂತ 4 ಕಡಿಮೆ 119. ರೊಬಸ್ಟಾ 15 ಎಲ್ಲಿ, 119 ಎಲ್ಲಿ!

ಮೆಣಸುಬಳ್ಳಿ:
ಇದಕ್ಕಿಂತ ಮೋಸದ್ದು ಶೇಕಡಾ ಲೆಕ್ಕ. ಶೇ. 16 ತೇವಾಂಶದ 45 ಕೆ.ಜಿ. ಕರಿಮೆಣಸನ್ನು ಶೇ. 10ಕ್ಕೆ ಒಣಗಿಸಿದರೆ ಎಷ್ಟು ಉಳಿಯುತ್ತೆ?

16 − 10 = 6, 45ರ ಶೇ. 6 ಅಂದರೆ 2.7, ಉಳಿದದ್ದು 42.3 – ಹೀಗೆ ಬರೆಯೋರೇ ಹೆಚ್ಚು. ಸರಿ ಉತ್ತರ 42. ಇಷ್ಟು ಹತ್ತಿರ ಇರೋದರಿಂದ ಅನುಮಾನವೇ ಬರಲ್ಲ. ಶೇ. 16 ಇರೋದು 45ರಲ್ಲಿ, ಶೇ. 10 ಇರೋದು ಒಣಗಿದ ಮೇಲಿನ ತೂಕದಲ್ಲಿ. ಬೇರೆ ಬೇರೆ ತೂಕದ ಶೇಕಡಾವನ್ನು ಒಂದರಿಂದ ಒಂದು ಕಳೆಯೋ ಹಾಗಿಲ್ಲ.

ಬದಲಾಗದೆ ಇರೋದನ್ನು ಹಿಡೀರಿ. ಬಿಸಿಲಿಗೆ ಹೋಗೋದು ನೀರು ಮಾತ್ರ. ನೀರಲ್ಲದ ಭಾಗ 45ರ ಶೇ. 84, ಅಂದರೆ 37.8 ಕೆ.ಜಿ. ಒಣಗಿದ ತೂಕ ‘ತ’ ಕೆ.ಜಿ. ಆದರೆ ಅದರ ಶೇ. 90 ಕೂಡ ಇದೇ:
0.9ತ = 37.8, ತ = 42
ತಾಳೆ: ಮೊದಲು ನೀರು 7.2, ಈಗ 4.2, ಹೋದದ್ದು 3. ಸರಿ.

ಮೂರ್ನಾಡು_8ಬಿ:
‘ಗಳ’, ‘ಗಿಂತ’ ಹಿಡಿದು ಮಾಡಿದೆ, ಐದು ಲೆಕ್ಕ ಸರಿ ಬಂತು. ಇದೊಂದು ನಿಂತಿದೆ: ಮಡಿಕೇರಿಯಿಂದ ಬೆಳಿಗ್ಗೆ 6ಕ್ಕೆ ಗಂಟೆಗೆ 40 ಕಿ.ಮೀ. ವೇಗದ ಬಸ್ಸು, ಮೈಸೂರಿನಿಂದ 6:30ಕ್ಕೆ ಗಂಟೆಗೆ 60 ಕಿ.ಮೀ. ವೇಗದ ಬಸ್ಸು. ದೂರ 120 ಕಿ.ಮೀ. ಎಷ್ಟು ಹೊತ್ತಿಗೆ ಎದುರಾಗುತ್ತವೆ?
40ಸ + 60(ಸ − 30) = 120 ಹಾಕಿದರೆ ಸ = 19.2 ಬರ್ತಿದೆ.

ಕಣದಲೆಕ್ಕ:
ಅಂದರೆ ನಡುರಾತ್ರಿ ದಾಟಿ 1:12ಕ್ಕೆ! ಮಡಿಕೇರಿ ತಿರುವುಗಳಲ್ಲಿ ಮಂಜು ಕವಿದಿದ್ದರೂ ಅಷ್ಟು ಹೊತ್ತಾಗಲ್ಲ. ವೇಗ ಗಂಟೆಗೆ ಇದೆ, ನೀವು ಕಳೆದದ್ದು ನಿಮಿಷ. 30ರ ಬದಲು 1/2 ಹಾಕಿ:
100ಸ − 30 = 120, ಸ = 1.5. ಹಾಗಾಗಿ 7:30ಕ್ಕೆ. ಎರಡೂ ಬಸ್ಸು 60 ಕಿ.ಮೀ. ಓಡಿರುತ್ತವೆ.

ತಾಳೆನೋಡಿ:
ಇಲ್ಲಿ ಸ + 1/2 ಹಾಕೋರೂ ಇದ್ದಾರೆ, ತಡವಾಗಿ ಹೊರಟಿದೆ ಅಂತ. ಆಗ ಸ = 0.9, ಅಂದರೆ 6:54; ನೋಡೋಕೆ ನಂಬೋ ಹಾಗೇ ಇರುತ್ತೆ. ವಾಕ್ಯಕ್ಕೆ ಹಾಕಿ: 54 ನಿಮಿಷದಲ್ಲಿ ಮಡಿಕೇರಿ ಬಸ್ಸು 36 ಕಿ.ಮೀ., ಮೈಸೂರು ಬಸ್ಸು 24 ನಿಮಿಷದಲ್ಲಿ 24. ಇಬ್ಬರ ನಡುವೆ ಇನ್ನೂ 60 ಕಿ.ಮೀ. ಬಾಕಿ.